ಆಯುಧಪೂಜೆಯ ದಿನ ಮೌನ ತಾಳಿದ ರೌಟರ್ ಅವರಿಗೆ

ಗುಬ್ಬಿ ತಾಲ್ಲೂಕು ಹಾಗಲವಾಡಿಯ ನನ್ನ ಗೆಳೆಯ ಮಹಾಲಿಂಗಯ್ಯನ ನಡುಮನೆಯ ಗೋಡೆಯ ಮೇಲೆ ವಿರಾಜಮಾನರಾಗಿರುವ ವೈಫೈ ರೌಟರ್ ಅವರ ಸನ್ನಿಧಿಗೆ,

ಮಾನ್ಯರೇ,

ಮೂರೆಳೆ ವಿಭೂತಿ ಧರಿಸಿ, ಎರಡೂ ಕೊಂಬುಗಳಿಗೆ ಚೆಂಡುಹೂವು ಮುಡಿದು, ತಾವು ಆಯುಧಪೂಜೆಯ ಗೌರವ ಸ್ವೀಕರಿಸಿದ್ದಕ್ಕೆ ಮೊದಲಿಗೆ ಅಭಿನಂದನೆಗಳು. ಸ್ಕೂಟರಿಗೂ ಮಿಕ್ಸಿಗೂ ಸಲ್ಲುವ ಪೂಜೆ ತಮಗೂ ಸಲ್ಲಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಅಂದಿನ ಮಧ್ಯಾಹ್ನದ ಬಗ್ಗೆ.

ಮಹಾಲಿಂಗಯ್ಯನ ಮಗಳು ಅಕ್ಷತಾ ನರ್ಸಿಂಗ್ ಕಾಲೇಜಿನ ಆಯ್ಕೆಯನ್ನು ಆನ್‌ಲೈನಿನಲ್ಲಿ ಖಚಿತಪಡಿಸಲು ಅಂದು ಸಂಜೆ ಐದು ಗಂಟೆಯೇ ಕೊನೆ. ತಪ್ಪಿದರೆ ಸೀಟು ಇನ್ನೊಬ್ಬರ ಪಾಲು. ಅಂಥ ದಿನವೇ ತಾವು ಮೌನ ತಾಳಿದಿರಿ. ಮೊಬೈಲಿನ ಇಂಟರ್ನೆಟ್ ಆ ಮನೆಯಲ್ಲಿ ಅಲುಗಾಡುವುದಿಲ್ಲ. ಮಾತಿಗಾದರೂ ಸಿಗ್ನಲ್ ಸಿಗುವುದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಹೀಗಾಗಿ ನಾನು ಕ್ಯಾತ್ಸಂದ್ರದಿಂದ ಫೋನಿನಲ್ಲಿ ಹೇಳಿದ ಒಂದೊಂದು ಮಾತನ್ನೂ ಅವನು ಕೆಳಗೆ ಹೊತ್ತೊಯ್ದು, ತಮ್ಮ ದರ್ಶನ ಪಡೆದು, ಏದುಸಿರು ಬಿಡುತ್ತ ಮೇಲೆ ಬಂದು ವರದಿ ಒಪ್ಪಿಸಬೇಕಾಯಿತು. ಡಾಕ್ಟರು ವರ್ಷಗಳಿಂದ ಹೇಳುತ್ತಿದ್ದ ವ್ಯಾಯಾಮವನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿಸಿದ ತಮ್ಮ ಉಪಕಾರ ದೊಡ್ಡದು.

ಯಾವ ಬಣ್ಣದ ಲೈಟು ಇದೆ ಎಂದು ಕೇಳಿದೆ. “ಕೆಂಪು ಕಣೋ ಪ್ರಸಾದಿ, ದುಂಡಕ್ಕೈತೆ,” ಎಂದ. ಕೆಂಪೆಂದರೆ ಲೈನು ಕಡಿದಿದೆ ಎಂದು ತಿಳಿದು ನಾನು ಕೇಬಲಿನವರಿಗೆ ಫೋನು ಮಾಡಿ ಹಬ್ಬದ ದಿನ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಲೈನು ಸರಿಯಿದೆ ಎಂದು ಅವರು ಹೇಳಿದ್ದನ್ನು ನಂಬಲಿಲ್ಲ. ಯಾವುದಕ್ಕೂ ಒಮ್ಮೆ ಆಫ್ ಮಾಡಿ ಆನ್ ಮಾಡು ಎಂದು ಗೆಳೆಯನಿಗೆ ಹೇಳಿದರೆ, ಅವನು ಹೆಂಡತಿ ಗಂಗಾಂಬಿಕೆಯ ಆಜ್ಞೆಯೊಂದಿಗೆ ಮರಳಿದ: “ಪೂಜೆ ಮಾಡಿರೋದನ್ನ ನಾಳೆಗಂಟ ಆರಿಸಂಗಿಲ್ವಂತೆ ಕಣೋ. ಪ್ರಸಾದಣ್ಣಂಗೆ ಅಷ್ಟೂ ಗೊತ್ತಾಗಲ್ವಾ ಅಂತವ್ಳೆ.”

ಐದು ಗಂಟೆ ಹತ್ತಿರವಾಗುತ್ತಿತ್ತು. ಆರಿಸುವುದು ಬೇಡ, ಲೈಟಿನ ಮೇಲಿನ ಧೂಳನ್ನಾದರೂ ಒರೆಸಿ ನೋಡು ಎಂದು ಬೇಡಿಕೊಂಡೆ. ಈ ಸಲ ಮೇಲೆ ಬಂದವನು, “ಕೆಂಪು ಲೈಟು ಬೆರಳಿಗೆ ಅಂಟ್ಕೊಂತು ಕಣೋ,” ಎಂದ.

ಮಾನ್ಯರೇ, ತಮ್ಮ ಮೈಮೇಲಿದ್ದದ್ದು ಕುಂಕುಮ. ತಮ್ಮಲ್ಲಿ ಯಾವ ಲೈಟೂ ಉರಿಯುತ್ತಿರಲಿಲ್ಲ. ಬೆಳಿಗ್ಗೆಯೇ ತಮ್ಮ ಪ್ಲಗ್ಗು ಕಿತ್ತು, ಅಲ್ಲಿದ್ದ ಒಂದೇ ಸಾಕೆಟ್ಟಿಗೆ ತಮ್ಮ ಅಲಂಕಾರದ ಸೀರಿಯಲ್ ಸೆಟ್ಟನ್ನು ಸಿಕ್ಕಿಸಿದ್ದರು. ತಾವು ಆರಬಾರದೆಂದು ಗಂಗಾಂಬಿಕೆ ಕಾವಲು ನಿಂತಾಗ ತಾವು ಆರಿ ಅರ್ಧ ದಿನವಾಗಿತ್ತು. ಈಗ ಸೀರಿಯಲ್ ಸೆಟ್ಟು ಕೀಳಬೇಕೆಂದಾಗ, ಉರಿಯುವ ದೀಪ ಆರಿಸುವುದೆಂತು ಎಂದು ಮತ್ತೆ ಸಭೆ ಸೇರಿತಂತೆ. ಅಕ್ಷತಾ, “ದೀಪ ನಾಳೆ ಹತ್ತಿಸ್ಕೋಬೋದು ಬುಡಮ್ಮ, ಸೀಟು ನಾಳೆ ಸಿಗಾಕಿಲ್ಲ,” ಎಂದವಳೇ ಕಿತ್ತುಬಿಟ್ಟಳು.

ತಾವು ಕಣ್ಣು ತೆರೆದಿರಿ. ಆಯ್ಕೆ ಸಮಯಕ್ಕೆ ಮುಗಿಯಿತು. ತುಮಕೂರಿನಲ್ಲೇ ಸೀಟು ಸಿಕ್ಕಿತು. ಪೂಜೆ ಫಲ ಕೊಟ್ಟಿತೆಂದು ತಮಗೆ ಎರಡನೆಯ ತೆಂಗಿನಕಾಯಿ ಒಡೆದರೆಂದೂ ಕೇಳಿದೆ. ಆ ಫಲದಲ್ಲಿ ನಾನು ಪಾಲು ಕೇಳುವುದಿಲ್ಲ. ಮುಂದಿನ ನವರಾತ್ರಿಗೆ ಮುನ್ನ ತಾವೇ ಗೋಡೆಯಿಂದಿಳಿದು, ಗುಬ್ಬಿಯಲ್ಲಿ ಬಸ್ಸು ಬದಲಿಸಿ, ನಮ್ಮ ಮನೆಗೆ ಬಂದು ತಂಗಬೇಕೆಂದಷ್ಟೇ ನನ್ನ ಪ್ರಾರ್ಥನೆ.

ದೂರದಿಂದಲೇ ಕೈಮುಗಿಯುವ
ತಮ್ಮ ವಿಶ್ವಾಸಿ,
ರೇಣುಕಾಪ್ರಸಾದ್
ಕ್ಯಾತ್ಸಂದ್ರ

ತಾ.ಕ.: ನನಗೆ ಸಕಲ ಯಂತ್ರಗಳ ರಿಪೇರಿ ಗೊತ್ತೆಂದು ಮಹಾಲಿಂಗಯ್ಯ ಊರಿಗೆಲ್ಲ ಹೇಳಿದ್ದಾನೆ. ಇಂದು ಬೆಳಿಗ್ಗೆ ಅವನ ನೆರೆಯ ಜುಂಜಪ್ಪ ಎಂಬವರು ಫೋನು ಮಾಡಿ, ಅವರ ಮನೆಯ ಹಾಲು ಕರೆಯುವ ಮಷೀನು ಹಸುವಿಗೆ ಒದೆಯುತ್ತಿದೆಯೋ, ಹಸು ಮಷೀನಿಗೆ ಒದೆಯುತ್ತಿದೆಯೋ ಹೇಳಬೇಕೆಂದು ಕೇಳಿದರು. ಬೇಕಾದಾಗ ಸಿಗದಿರುವ ತಮ್ಮ ಆ ಕಲೆಯನ್ನು ದಯವಿಟ್ಟು ನನ್ನ ಫೋನಿಗೂ ಕಲಿಸಿಕೊಡಿ.