ಪರದೇಶದ ಚಿಲ್ಲರೆ

ರೂಪಾಯಿಗೆ ಒಂದಾಣೆ ಉಳಿಸಲು ಹೋಗದಿದ್ದರೆ ಮಾಯಪ್ಪನಿಗೆ ಈ ಗತಿ ಬರುತ್ತಿರಲಿಲ್ಲ. ಗೋವೆಯ ಬಂದರಿನಲ್ಲಿ ಎಂಟು ತಿಂಗಳು ಮೂಟೆ ಹೊತ್ತು, ಹೊಟ್ಟೆ ಬಟ್ಟೆ ಕಟ್ಟಿ, ಆ ದೇಶದ ಹದಿನೈದು ಬೆಳ್ಳಿ ರೂಪಾಯಿಗಳನ್ನು ಅವನು ಉಳಿಸಿದ್ದ. ಗಡಿಯ ಕ್ಯಾಸಲ್‌ರಾಕಿನಲ್ಲಿ ಒಬ್ಬ ಸರಾಫ ಅವನ್ನು ನಮ್ಮ ಕಡೆಯ ರೂಪಾಯಿಗೆ ಬದಲಿಸಿಕೊಡಲು ಸಿದ್ಧನಿದ್ದ. ಆದರೆ ರೂಪಾಯಿಗೆ ಒಂದಾಣೆ ವಟ್ಟ ಮುರಿದುಕೊಳ್ಳುತ್ತೇನೆ ಅಂದ.

“ಬೆಳ್ಳಿ ಅಂದ್ರ ಬೆಳ್ಳಿ. ಅದಕ್ಯಾವ ಊರ್ರಿ?” ಎಂದು ಮಾಯಪ್ಪ ಮತ್ತೆ ರೈಲು ಹತ್ತಿದ.

ಅವನಿಗೆ ಅವಸರವಿತ್ತು. ಅಂದು ದೀಪ ಹಚ್ಚುವ ಹೊತ್ತಿಗೆ ಮಸಗುಪ್ಪಿಯಲ್ಲಿ ತಂಗಿ ದುಂಡವ್ವನ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಕೂಸಿನ ಮುಷ್ಟಿಯಲ್ಲಿ ಮೊದಲ ನಾಣ್ಯ ಇಡಬೇಕಾದವನು ಸೋದರಮಾವ. ದುಂಡವ್ವನಿಗೆ ತವರು ಎಂದರೆ ಇವನೊಬ್ಬನೇ. ಇವನು ತಪ್ಪಿದರೆ ಅವಳ ಅತ್ತೆ ಕರೆವ್ವ ಸಾಯುವ ತನಕ ಸೊಸೆಯನ್ನು ‘ತವರಿಲ್ಲದಾಕಿ’ ಎಂದು ಚುಚ್ಚುವವಳು. ಕರೆವ್ವನಿಗೋ ಸದ್ಯಕ್ಕೆ ಸಾಯುವ ವಿಚಾರವೇ ಇರಲಿಲ್ಲ.

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಹೊರಗೆ ಅಲ್ಲವ್ವನ ಅಂಗಡಿಯಲ್ಲಿ ಚಹಾ ಕುಡಿದು, ಒಂದು ರೂಪಾಯಿ ಚಾಚಿದ. ಅಲ್ಲವ್ವ ಅದರ ಮೇಲಿನ ಹೆಂಗಸಿನ ಮುಖವನ್ನು ಬೆಳಕಿಗೆ ಹಿಡಿದಳು. ಅವಳ ಮುಖ ಸಣ್ಣಗಾಯಿತು.

“ಯಾರೋ ಈಕಿ? ಹಣಿಮ್ಯಾಲ ಕುಂಕಮಿಲ್ಲ, ಮೂಗಿನ್ಯಾಗ ನತ್ತಿಲ್ಲ, ತಲಿ ಬಿಚ್ಚಿಕೊಂಡಾಳ!”

“ಗೋವಾದಾಗ ಎಲ್ಲಾ ರೊಕ್ಕದ ಮ್ಯಾಲೂ ಈಕೀನ ಇರತಾಳ ಯಕ್ಕಾ.”

“ಉಸರಾಡೂ ಮಂದಿ ಮುಖಾ ಹಿಂಗ ಇರತೈತೇನು? ಚಹಾದ ರೊಕ್ಕಾ ಬ್ಯಾಡ, ಮೊದಲ ನೀ ನಡಿ!” ಎಂದು ಅವಳು ನಾಣ್ಯವನ್ನು ಇಕ್ಕಳದಲ್ಲಿ ಹಿಡಿದು ವಾಪಸು ಕೊಟ್ಟಳು.

ಗಾಡಿಯ ಲಕ್ಕಪ್ಪ ಇದನ್ನೆಲ್ಲ ನೋಡಿರಲಿಲ್ಲ. ಮಸಗುಪ್ಪಿಗೆ ಬಿಡುತ್ತೇನೆಂದು ಮಾಯಪ್ಪನನ್ನು ಹತ್ತಿಸಿಕೊಂಡ. ಎತ್ತುಗಳು ಒಂದು ಹೆಜ್ಜೆಯನ್ನೂ ಕೀಳಲಿಲ್ಲ. ಬಾರುಕೋಲು ಬಿದ್ದರೂ ಕಿವಿ ನಿಮಿರಿಸಿ ಹಿಂದಕ್ಕೇ ನೋಡುತ್ತಿದ್ದವು.

“ನಿನ್ನ ಉಡಿಯಾಗ ಏನ್ ಐತೋ ಮಾರಾಯಾ? ಇಳೀ ಕೆಳಗ!” ಅಂದ ಲಕ್ಕಪ್ಪ. ಮಾಯಪ್ಪ ಇಳಿದದ್ದೇ ತಡ, ಎತ್ತುಗಳು ಬಾಲವೆತ್ತಿ ಓಡಿದವು.

ಸುದ್ದಿಗೆ ಗಾಡಿ ಬೇಕಿಲ್ಲ. ಮಾಯಪ್ಪ ಧುಪದಾಳ ಮುಟ್ಟುವುದರೊಳಗೆ ನಾಣ್ಯದ ಹೆಂಗಸು ಕಣ್ಣು ಪಿಳುಕಿಸಲು ಕಲಿತಿದ್ದಳು. ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡರು, ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹದಿನೈದು ರೂಪಾಯಿಯ ಒಡೆಯ ಒಂದು ರೊಟ್ಟಿ ಸಿಗದೆ ಊರು ದಾಟಿದ. ಒಮ್ಮೆ ನಾಣ್ಯವನ್ನು ತೆಗೆದು ನೋಡಿದ. ಅವಳು ಪಿಳುಕಿಸಿದಳೋ ಇಲ್ಲವೋ, ಇವನಂತೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಒಡ್ಡಿನ ಹತ್ತಿರ ಬಂದಾಗ ಸುಡುಸುಡು ಮಧ್ಯಾಹ್ನ. ನೀರು ಬೀಳುವ ಸದ್ದು ಕಿವಿ ತುಂಬಿತ್ತು. ಅಲ್ಲೊಂದು ಜಾಲಿಯ ಮರದ ಕೆಳಗೆ, ಹೊಸ ಬಿಳಿ ಧೋತರ ಉಟ್ಟು, ಹಣೆತುಂಬ ವಿಭೂತಿ ಹಚ್ಚಿದ ಹಣ್ಣುಹಣ್ಣು ಮುದುಕನೊಬ್ಬ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಲಗಿವಿಯ ತುದಿ ಹರಿದಿತ್ತು. ಮರದ ನೆರಳಿಗೆ ಕಾಲಿಟ್ಟದ್ದೇ ಮಾಯಪ್ಪನಿಗೆ ನೀರಿನ ಸದ್ದು ಕೇಳದಾಯಿತು.

“ರೊಕ್ಕಾ ನಡೀವಲ್ದೇನೋ ತಮ್ಮಾ?” ಅಂದ ಮುದುಕ.

ಮಾಯಪ್ಪ ಇನ್ನೂ ಬಾಯಿ ಬಿಟ್ಟಿರಲಿಲ್ಲ. “ಹೌದ್ರಿ ಅಜ್ಜಾರ. ಗೋವಾದ್ದರಿ,” ಎಂದು ತೊದಲಿದ.

“ನನಗ ಬೇಕಾಗೇತಿ. ನಾನೂ ಪರದೇಶಕ್ಕ ಹೊಂಟೇನಿ. ಇಲ್ಲೀ ರೊಕ್ಕಾ ಅಲ್ಲಿ ನಡ್ಯಾಂಗಿಲ್ಲಂತ. ಕೊಟ್ಟ ಕಳಿಸಿದ ಮಕ್ಕಳಿಗೆ ಇಷ್ಟೂ ತಿಳೀಬಾರದ?”

ಮುದುಕ ಒಂದು ಗಂಟನ್ನು ಮುಂದೆ ಸರಿಸಿದ. ಒಳಗೆ ಹದಿನೈದು ರೂಪಾಯಿ ತುಂಬುವಷ್ಟು ಆಣೆ, ದುಡ್ಡು, ನಾಲ್ಕಾಣೆಯ ಪಾವಲಿ.

“ವಟ್ಟಾ ಎಷ್ಟರಿ?” ಮಾಯಪ್ಪನಿಗೆ ಆಗಲೂ ಅದೇ ಚಿಂತೆ.

“ವಟ್ಟಾ ತಗೊಂಡ ನಾ ಏನ್ ಮಾಡ್ಲಿ?”

ಗೋವೆಯ ರೂಪಾಯಿಗಳನ್ನು ಎಣಿಸಿಕೊಡುವಾಗ ಕೈಗೆ ಕೈ ತಗುಲಿ ಬಾವಿಯ ತಳದ ಕಲ್ಲು ಮುಟ್ಟಿದಂತಾಯಿತು. ಮಾಯಪ್ಪ ಹೆದರಿ, ಪಾದ ಹಿಂದುಮುಂದಾಗಿವೆಯೇ ಎಂದು ಇಣುಕಿದ. ಪಾದಗಳು ಧೋತರದೊಳಗಿದ್ದವು. ಏನಾದರೂ ಆಗಿರಲಿ, ವಟ್ಟ ಕೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಗಂಟು ಎತ್ತಿದ. ಹಿಂತಿರುಗಿ ನೋಡಲಿಲ್ಲ. ಅರ್ಧ ಅಂಜಿಕೆಗೆ, ಅರ್ಧ ಅಜ್ಜ ಮನಸ್ಸು ಬದಲಿಸಿಯಾನೆಂದು.

ಕೈಯಲ್ಲಿ ಚಿಲ್ಲರೆ ಬಂದ ಮೇಲೆ ಗಾಡಿ ಬಾಡಿಗೆ ಉಳಿಸುವ ಚಟವೂ ವಾಪಸು ಬಂತು. ಹರದಾರಿಗಟ್ಟಲೆ ನಡೆದ. ಹಸಿವಾದಾಗ ಗಂಟಿನಲ್ಲಿ ನಾಣ್ಯಗಳ ನಡುವೆ ಚುರಮರಿ ಸಿಕ್ಕಿತು. ಅಜ್ಜ ಎಷ್ಟು ಒಳ್ಳೆಯವನು ಎಂದು ಹೊಗಳಿ ತಿಂದ.

ಮಸಗುಪ್ಪಿ ಮುಟ್ಟಿದಾಗ ದೀಪ ಹಚ್ಚುತ್ತಿದ್ದರು. ದುಂಡವ್ವ ಅಣ್ಣನನ್ನು ಕಂಡು ಕಣ್ಣೊರೆಸಿಕೊಂಡಳು.

“ಬಂದ್ಯಾ? ಬರಿಗೈಲೇ ಬಂದಿರ್ತಿ,” ಅಂದಳು ಕರೆವ್ವ.

ಮಾಯಪ್ಪ ಎಲ್ಲರಿಗೂ ಕಾಣುವಂತೆ ತೊಟ್ಟಿಲ ಮುಂದೆ ಗಂಟು ಬಿಚ್ಚಿದ. ನಾಣ್ಯದ ಜೊತೆ ಗುಲಾಲು ಉದುರಿತು, ಒಂದಿಷ್ಟು ಚುರಮರಿಯೂ ಉದುರಿತು. ಹಾಡುತ್ತಿದ್ದ ಹೆಂಗಸರ ದನಿ ಅಲ್ಲೇ ನಿಂತಿತು.

“ಹೆಣದ ಮುಂದ ತೂರಿದ ರೊಕ್ಕಾ!” ಕರೆವ್ವ ಚೀರಿದಳು. “ಇದನ್ನ ಕೂಸಿನ ಕೈಯಾಗ ಇಡಾವ ಇದ್ದ್ಯೇನೋ?”

ದುಂಡವ್ವ ಕೂಸನ್ನು ಎದೆಗವಚಿಕೊಂಡು, “ಅಣ್ಣಾ, ಏನ್ ಮಾಡಿದ್ಯೋ!” ಎಂದು ಅತ್ತಳು. ಮಾಯಪ್ಪ ದಾರಿಯಲ್ಲಿ ತಿಂದ ಚುರಮರಿ ನೆನೆದು ಬಾಯಿ ಒರೆಸಿಕೊಂಡ. ಎಲ್ಲ ಹೇಳಿದ: ಜಾಲಿಮರ, ವಿಭೂತಿ, ಹರಿದ ಕಿವಿ.

ಬಾಜೂ ಮನೆಯ ಅಣ್ಣಪ್ಪ ಕುಸಿದು ಕೂತ. “ಧುಪದಾಳದ ರಾಜಪ್ಪಜ್ಜ… ನಿನ್ನೆ ಮಣ್ಣ ಮಾಡಿ ಬಂದೇವಿ. ಕುಣಿಯಾಗ ನಾವ ಕುಂದರಿಸಿದ್ವಿ. ಮಕ್ಕಳು ಹದಿನೈದ್ ರೂಪಾಯಿ ಚಿಲ್ಲರ ತೂರಿದ್ರು.”

ದೀಪ ಒಮ್ಮೆ ಸಣ್ಣಗಾಗಿ ಮತ್ತೆ ಉರಿಯಿತು. ಕರೆವ್ವ ಗಂಟಿನ ಕಡೆ ಬಾಗಿದಳು.

“ಎಷ್ಟ್ ವಯಸ್ಸಾಗಿತ್ತು ಆತಗ?”

“ನೂರಾ ನಾಕು.”

“ನೂರು ದಾಟಿದಾವನ ರೊಕ್ಕಾ! ಉಡದಾರಕ್ಕ ಕಟ್ಟಿದ್ರ ಕೂಸಿಗಿ ಅಷ್ಟ ಆಯುಷ್ಯಾ!”

ಆಮೇಲೆ ಆದದ್ದನ್ನು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಹೆಂಗಸರು, ಗಂಡಸರು, ತೊಟ್ಟಿಲು ತೂಗಲು ಬಂದವರು, ಊಟಕ್ಕೆ ಬಂದವರು, ಎಲ್ಲರೂ ಗಂಟಿನ ಮೇಲೆ ಬಿದ್ದರು. ಅಣ್ಣಪ್ಪ ಎದ್ದು ಎರಡು ಕೈಯಲ್ಲೂ ಬಾಚಿದ.

“ನನ್ನ ಎಂಟ್ ತಿಂಗಳ ದುಡಿಮಿರಿ!” ಮಾಯಪ್ಪ ಕೂಗಿಕೊಂಡ.

“ನಿಂದೆಲ್ಲಿದು? ರಾಜಪ್ಪಜ್ಜಂದು!” ಅಂದರು ಎಲ್ಲರೂ.

ಬರಿ ಬಟ್ಟೆ ಉಳಿಯಿತು. ಮಾಯಪ್ಪ ಅದನ್ನು ಹಿಡಿದು ಕೂತೇ ಇದ್ದ. ಕರೆವ್ವ ಕೂಸಿನ ಉಡಿದಾರಕ್ಕೆ ಒಂದು ಪಾವಲಿ ಕಟ್ಟಿ, ಗಂಟು ಬಿಗಿದು, ಅವನ ಕಡೆ ತಿರುಗಿದಳು.

“ಗುರ್ತಿಲ್ಲ, ಬಳಗಲ್ಲ, ಸತ್ತ ಮುದುಕ ಕೂಸಿಗಿ ರೊಕ್ಕಾ ಕಳಿಸ್ಯಾನ. ಸೋದರಮಾವ ಅಂತ ಬಂದಿ, ನೀ ಏನ್ ತಂದಿ?”