ಫಲಕದ ಬಲಭಾಗಕ್ಕೆ ಕಟ್ಟಡ ಸಂಖ್ಯೆ

ಟಿವಿ ಪರದೆ ರಿಪೇರಿ ನಿಂಗಮ್ಮ ಎಂಬ ನನ್ನಿಂದ ಆಗುವ ಕೆಲಸವಲ್ಲ ಎಂದು ಇದುವರೆಗೆ ಇಬ್ಬರು ಹೇಳಿದ್ದಾರೆ. ಮೊದಲನೆಯವನು ನನ್ನ ಅಣ್ಣ ಬೈರ. ಕಾಫಿ ಕೊಯ್ಯುವ ಕೈಗೆ ಕರೆಂಟಿನ ಸಹವಾಸ ಯಾಕೆ ಎಂದು ಬಾಯಿಮಾತಿನಲ್ಲಿ ಹೇಳಿದ. ಎರಡನೆಯವರು ನಮ್ಮ ಪಂಚಾಯತಿ ಸೆಕ್ರೆಟರಿ ಸಜೀವ್ ಸಾರ್. ಅವರು ಅದನ್ನೇ ಕಡತ ಸಂಖ್ಯೆ ನಮೂದಿಸಿ, ಮೊಹರು ಒತ್ತಿ ಹೇಳಿದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹತ್ತಿರದ ಪೇಟೆ ಬತ್ತೇರಿಯ ಗುಜರಿಯಿಂದ ಕೆಟ್ಟ ಟಿವಿಗಳನ್ನೂ ಅವುಗಳ ಜೊತೆ ಸಿಕ್ಕ ಪುಸ್ತಕಗಳನ್ನೂ ಹೊತ್ತು ತಂದು, ಬಿಚ್ಚಿ, ಓದಿ, ಕೈ ಸುಟ್ಟುಕೊಂಡು ಕಲಿತೆ. ಗಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಎರಡು ಸೆಂಟ್ ಜಾಗ ಹಿಡಿದು ಅಂಗಡಿ ಕಟ್ಟಿದೆ. ಅದನ್ನು ಕಟ್ಟಿ ಮುಗಿಸಲು ಹನ್ನೆರಡು ವರ್ಷ ಬೇಕಾಯಿತು.

ಕಳೆದ ವರ್ಷ ಪಂಚಾಯತಿ ಕಚೇರಿಯ ಮುಂದೆ ಇಪ್ಪತ್ತು ಅಡಿ ಉದ್ದದ ಓಎಲ್‌ಇಡಿ ಫಲಕ ಎದ್ದು ನಿಂತಿತು. ಹದಿನೇಳು ಸದಸ್ಯರ ನಗುಮುಖಗಳು ಅದರಲ್ಲಿ ಒಂದೇ ಸಾಲಿಗೆ ಬರುತ್ತಿದ್ದವು. ಕರೆಂಟು ಎಡತುದಿಯಿಂದ ಒಳಗೆ ಹೋಗುತ್ತಿತ್ತು. ಆ ತುದಿಯಲ್ಲಿದ್ದ ಪ್ರಸಿಡೆಂಟ್ ಕುಞ್ಞಮ್ಮ ಚೇಚಿ (ನಮ್ಮ ಮಲಯಾಳದ ಕಡೆ ಚೇಚಿ ಎಂದರೆ ಅಕ್ಕ) ಬೆಳ್ಳಗೆ ಹೊಳೆಯುತ್ತಿದ್ದರು. ಅಲ್ಲಿಂದ ಮುಂದಕ್ಕೆ ಸದಸ್ಯರು ಒಬ್ಬರಿಗಿಂತ ಒಬ್ಬರು ಹಳದಿಯಾಗುತ್ತ ಹೋಗಿ, ಬಲತುದಿಯ ಬಿನು ಪೂರ್ತಿ ಅರಿಶಿನವಾಗಿದ್ದರು.

ಮೂರನೇ ದಿನ ಬಿನು ಮನೆಗೆ ಮತದಾರರು ಕಾಮಾಲೆಗೆಂದು ನೆಲನೆಲ್ಲಿ ಸೊಪ್ಪು ತಂದರು. ಬಿನು ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ಸಭೆಯಲ್ಲಿ ಮಂಡಿಸಿದರು. ಸದಸ್ಯರು ಆರೋಗ್ಯವಾಗಿರುವುದು ನಿಜವಾದರೂ ಫಲಕವು ಪಂಚಾಯತಿಯ ಅಧಿಕೃತ ಪ್ರಕಟಣೆಯಾದ್ದರಿಂದ ಫಲಕವನ್ನೇ ನಂಬತಕ್ಕದ್ದೆಂದು ಸಭೆ ತೀರ್ಮಾನಿಸಿ, ಬಿನುಗೆ ಎರಡು ವಾರ ವಿಶ್ರಾಂತಿ ಮಂಜೂರು ಮಾಡಿತು. ಒಬ್ಬರೇ ಹಳದಿಯಾಗುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲವಾದ್ದರಿಂದ, ಮುಖಗಳು ಪ್ರತಿ ಸೋಮವಾರ ಜಾಗ ಬದಲಿಸುವ ‘ಸಮಾನ ಹಳದಿ ವೇಳಾಪಟ್ಟಿ’ಯೂ ಜಾರಿಗೆ ಬಂತು.

ನಾನು ಸುಮ್ಮನಿರಬಹುದಿತ್ತು. ಕಚೇರಿಗೆ ಹೋದೆ.

“ಸಾರ್, ದೋಷ ಮುಖದಲ್ಲಿಲ್ಲ, ತಂತಿಯಲ್ಲಿದೆ,” ಎಂದೆ. “ಇದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುವ ದೀಪ. ಒಂದೇ ತುದಿಯಿಂದ ಕರೆಂಟು ಕೊಟ್ಟರೆ ದಾರಿಯುದ್ದಕ್ಕೂ ಕಡಿಮೆಯಾಗುತ್ತ ಹೋಗುತ್ತದೆ. ನೀಲಿ ಚುಕ್ಕಿಗೆ ಹಸಿವು ಜಾಸ್ತಿ, ಅದೇ ಮೊದಲು ಸೊರಗುತ್ತದೆ. ಉಳಿಯುವುದು ಹಳದಿ. ಮೆಣಸಿನ ಬಳ್ಳಿಗೆ ನೀರು ಬಿಡುವ ತೂತಿನ ಪೈಪು ನೋಡಿದ್ದೀರಲ್ಲ? ಮೊದಲ ಬಳ್ಳಿಗೆ ಧಾರೆ, ಕೊನೆಯದಕ್ಕೆ ತೊಟ್ಟು. ಎರಡೂ ತುದಿಯಿಂದ ಕೊಡಬೇಕು. ನಡುವೆ ಅಡ್ಡ ತಂತಿ ಹಾಕಿ ಬಲೆಯ ಹಾಗೆ ಹೆಣೆಯಬೇಕು.”

“ಚೇಚಿ ಪಾಲಿಟೆಕ್ನಿಕ್ಕಾ?” ಸಜೀವ್ ಸಾರ್ ಕೇಳಿದರು.

“ಅಲ್ಲ ಸಾರ್, ಗುಜರಿ.”

ನಾನು ಪೈಪಿನ ಉದಾಹರಣೆ ಕೊಟ್ಟಿದ್ದರಿಂದ ಕಡತ ಕುಡಿಯುವ ನೀರಿನ ವಿಭಾಗಕ್ಕೆ ಹೋಯಿತು. ಹನ್ನೊಂದು ದಿನದ ಮೇಲೆ ‘ಸೋರಿಕೆ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂತು. ಮರುದಿನ ನನ್ನ ಅಂಗಡಿಗೆ ನೋಟಿಸು ಬಂತು:

‘ಅರ್ಜಿದಾರಳಿಗೆ ಈ ಕೆಲಸ ಮಾಡುವ ಅರ್ಹತೆ ಇಲ್ಲವೆಂದು ಮನಗಾಣಲಾಗಿದೆ. ಆದರೂ ದೋಷವನ್ನು ಮೊದಲು ಕಂಡವರೇ ದೋಷಕ್ಕೆ ಹೊಣೆಯಾಗತಕ್ಕದ್ದಾದ್ದರಿಂದ, ಕೆಲಸವನ್ನು ಆಕೆಗೇ ವಹಿಸಲಾಗಿದೆ. ಮೂವತ್ತು ದಿನಗಳೊಳಗೆ ಎಲ್ಲ ಮುಖಗಳೂ ಏಕಬಣ್ಣಕ್ಕೆ ಬಾರದಿದ್ದಲ್ಲಿ ಅಂಗಡಿಯ ಲೈಸೆನ್ಸ್ ನವೀಕರಿಸಲಾಗುವುದಿಲ್ಲ.’

ಆರು ದಿನದಲ್ಲಿ ಬಲೆ ಹೆಣೆದೆ. ಬಲತುದಿಗೆ ತಂತಿ ಸೇರಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಕರೆಂಟಾಫೀಸಿನ ಓವರ್‌ಸಿಯರ್ ಶಿಬು ಬೈಕ್ ನಿಲ್ಲಿಸಿದ.

“ಚೇಚಿ, ಒಂದು ಕಟ್ಟಡಕ್ಕೆ ಕರೆಂಟು ಒಂದೇ ಕಡೆಯಿಂದ ಒಳಗೆ ಹೋಗಬೇಕು. ಎರಡನೇ ಕಡೆಯಿಂದ ಹೋದರೆ ಅದು ಎರಡನೇ ಕಟ್ಟಡ.”

“ಮೀಟರು ಅದೇ ಅಲ್ವಾ ಮೋನೆ?”

“ಮೀಟರು ಅದೇ. ಬಾಗಿಲು ಬೇರೆ ಆಯ್ತಲ್ಲ.”

ಪಂಚಾಯತಿ ಸಂಖ್ಯೆಯಿಲ್ಲದ ಕಟ್ಟಡಕ್ಕೆ ಕರೆಂಟು ಕೊಡುವಂತಿಲ್ಲ. ಫಲಕದ ಬಲಭಾಗಕ್ಕೆ ಕಟ್ಟಡ ಸಂಖ್ಯೆ ಬೇಡಿ ಅರ್ಜಿ ಹಾಕಿದೆ. ಸಜೀವ್ ಸಾರ್ ಅದನ್ನು ಪೂರ್ತಿ ಓದಿದರು. ಯಾವ ಅರ್ಜಿಯನ್ನೂ ಅವರು ಅರ್ಧಕ್ಕೆ ಬಿಡುವವರಲ್ಲ.

“ಶೌಚಾಲಯದ ಕಾಲಂ ಖಾಲಿ ಬಿಟ್ಟಿದ್ದೀರಿ. ಬಲಭಾಗ ಎಲ್ಲಿಗೆ ಹೋಗುತ್ತದೆ?”

“ಅದು ಎಲ್ಲಿಗೂ ಹೋಗುವುದಿಲ್ಲ ಸಾರ್.”

“ಹಾಗೆ ಬರೆಯಲು ಬರುವುದಿಲ್ಲ ಚೇಚಿ. ನಮ್ಮದು ಬಯಲುಶೌಚ ಮುಕ್ತ ಪಂಚಾಯತಿ.”

ಫಲಕದ ಬೆನ್ನಿಗೆ ಐದಡಿಗೆ ನಾಲ್ಕಡಿಯ ಶೌಚಾಲಯ ಕಟ್ಟಿಸಿದೆ. ಪರಿಶೀಲನೆಗೆ ಬಂದ ಪ್ರಸಿಡೆಂಟ್ ಚೇಚಿ ಬಾಗಿಲು ತೆಗೆದು, ಹಾಕಿ, ಗಾಳಿ ಬೆಳಕು ಚೆನ್ನಾಗಿದೆ ಎಂದರು. ಆಮೇಲೆ ಮಾಲೀಕರು ಯಾರು ಎಂಬ ಪ್ರಶ್ನೆ ಬಂತು. ಸಂಖ್ಯೆ ಕೊಡುವ ಪಂಚಾಯತಿ ತಾನೇ ಸಂಖ್ಯೆ ಪಡೆಯುವಂತಿಲ್ಲ. ಹದಿನೇಳು ಸದಸ್ಯರಲ್ಲಿ ಯಾರ ಹೆಸರಿಗೆ ಮಾಡಿದರೂ ಉಳಿದ ಹದಿನಾರು ಮಂದಿ ಒಪ್ಪುವುದಿಲ್ಲ.

“ನಿಂಗಮ್ಮನ ಹೆಸರಿಗೇ ಇರಲಿ,” ಎಂದರು ಕುಞ್ಞಮ್ಮ ಚೇಚಿ. “ಕಷ್ಟಪಟ್ಟಿದ್ದಾಳೆ ಪಾಪ.”

“ಆದರೆ ಒಂದು ವಾರ್ಡಿನಲ್ಲಿ ಒಬ್ಬರಿಗೆ ಒಂದೇ ವ್ಯಾಪಾರದ ಕಟ್ಟಡ,” ಎಂದರು ಸಜೀವ್ ಸಾರ್. “ಅಂಗಡಿಯ ಸಂಖ್ಯೆಯನ್ನು ಒಪ್ಪಿಸಬೇಕಾಗುತ್ತದೆ.”

“ಒಪ್ಪಿಸಿದರೆ ಅಂಗಡಿ ಏನಾಗುತ್ತದೆ ಸಾರ್?”

“ಏನೂ ಆಗುವುದಿಲ್ಲ. ಇದ್ದ ಹಾಗೇ ಇರುತ್ತದೆ. ತೆರೆಯುವ ಹಾಗಿಲ್ಲ, ಅಷ್ಟೆ.”

ಅದು ಇಪ್ಪತ್ತೊಂಬತ್ತನೇ ದಿನ. ಒಪ್ಪಿಸದಿದ್ದರೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೂ ಅಂಗಡಿ ತೆರೆಯುವ ಹಾಗಿಲ್ಲ. ಒಪ್ಪಿಸಿದರೆ ಕೆಲಸವಾದರೂ ಮುಗಿಯುತ್ತದೆ. ಹೆಣೆದ ಬಲೆಯನ್ನು ಅರ್ಧಕ್ಕೆ ಬಿಟ್ಟು ಬರುವ ಜಾತಿ ನಾನಲ್ಲ. ಸಹಿ ಹಾಕಿದೆ.

ಮರುದಿನ ಬಲತುದಿಗೆ ಕರೆಂಟು ಕೊಟ್ಟಾಗ ಹದಿನೇಳು ಮುಖಗಳೂ ಒಂದೇ ಬಿಳುಪಿನಲ್ಲಿ ಬೆಳಗಿದವು. ಬಿನು ಮುಖ ನೋಡಿ ಔಷಧ ಹಿಡಿಯಿತು ಎಂದು ಸೊಪ್ಪು ತಂದವರು ಸಮಾಧಾನಪಟ್ಟರು. ಪಂಚಾಯತಿ ಮಾತಿಗೆ ತಪ್ಪಲಿಲ್ಲ. ಅಂದೇ ಲೈಸೆನ್ಸ್ ನವೀಕರಿಸಿ, ನನ್ನ ಹೆಸರಿನಲ್ಲಿರುವ ಕಟ್ಟಡದ ವಿಳಾಸಕ್ಕೆ ಕೊಟ್ಟಿತು. ಆ ವಿಳಾಸದಲ್ಲಿ ಒಳಗೆ ಕೂರಬಹುದಾದ ಜಾಗ ಒಂದೇ ಇದೆ.

ಈಗ ಅಲ್ಲೇ ಕೂತು ಕೆಲಸ ಮಾಡುತ್ತೇನೆ. ಗಿರಾಕಿಗಳು ಮರ್ಯಾದೆಯಿಂದ ಬಾಗಿಲು ತಟ್ಟುತ್ತಾರೆ. ಮೊನ್ನೆ ಬೈರಣ್ಣನೂ ಒಡೆದ ಫೋನು ಹಿಡಿದು ಬಂದಿದ್ದ.

“ಒಳಗೆ ಯಾರಾದರೂ ಇದ್ದಾರಾ?”

“ನಾನೇ ಅಣ್ಣ. ಬಾಗಿಲಡಿಯಿಂದ ತಳ್ಳು.”

“ತುಂಬ ಹೊತ್ತಾಗುತ್ತಾ?”

“ಮುಂದೆ ಮೂವರಿದ್ದಾರಲ್ಲ. ಸಾಲಲ್ಲಿ ನಿಲ್ಲು.”

ನಿಂತ. ಅವನ ಹಿಂದೆ ಇನ್ನೂ ಇಬ್ಬರು ಬಂದು ನಿಂತರು. ಅವರಲ್ಲಿ ಒಬ್ಬರು ಸಜೀವ್ ಸಾರ್.

ಇಂದಿನ ದಾಖಲೆಯ ಪ್ರಕಾರ ನನ್ನ ಆಸ್ತಿ: ಓಎಲ್‌ಇಡಿ ಫಲಕದ ಬಲ ಅರ್ಧ, ಅದರೊಳಗೆ ಎಂಟೂವರೆ ಸದಸ್ಯರು, ಬೆನ್ನಿಗೆ ಒಂದು ಶೌಚಾಲಯ ಮತ್ತು ಮುಂದಿನ ಮಾರ್ಚ್‌ವರೆಗೆ ಊರ್ಜಿತವಿರುವ ಲೈಸೆನ್ಸ್. ಇದಕ್ಕೆ ನಾನು ತೆತ್ತದ್ದು ಒಂದು ಅಂಗಡಿ. ಅದು ರಸ್ತೆ ಬದಿಯಲ್ಲಿ ಈಗಲೂ ನಿಂತಿದೆ; ದಾಖಲೆಯಲ್ಲಿ ಅದು ಬಯಲು.