ಒಂದು ವಾರ ಮುಂಚಿನ ಗುಲಾಬಿ

ಇನ್ನಾಸಪ್ಪ ತಪ್ಪೊಪ್ಪಿಕೊಳ್ಳುವ ಮನುಷ್ಯನಲ್ಲ. ಇದು ಲೂರ್ದವ್ವ ನಲವತ್ತೊಂದು ವರ್ಷ ಸಂಸಾರ ಮಾಡಿ ಕೊಟ್ಟ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ವರ್ಷಕ್ಕೆರಡು ಸಲ ಅವನು ಪಾಪನಿವೇದನೆಗೆ ಹೋಗುತ್ತಿದ್ದ. ಒಳಗೆ ಏನು ಹೇಳುತ್ತಿದ್ದ ಎಂಬುದು ದೇವರಿಗೂ ಗುರುಗಳಿಗೂ ಬಿಟ್ಟ ವಿಷಯ. ಆದರೆ ತನ್ನಲ್ಲಿ ಒಂದು ತಪ್ಪನ್ನೂ ಕಾಣದ ಮನುಷ್ಯನಿಗೆ ಅಲ್ಲಿ ಹದಿನೈದು ನಿಮಿಷ ಯಾಕೆ ಬೇಕು? ಲೂರ್ದವ್ವ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದಳು: ಅವನು ಹೆಂಡತಿಯ ಪಾಪಗಳನ್ನು ಹೇಳಿ ಬರುತ್ತಾನೆ.

ಸ್ವಭಾವದ ಮೇಲೆ ವೃತ್ತಿಯೂ ಸೇರಿತ್ತು. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವನದು ತಪಾಸಣೆಯ ಕೆಲಸ. ಬೇರೆಯವರು ಮಾಡಿದ್ದನ್ನು ನೋಡುವುದು. ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ನಿವೃತ್ತನಾಗಿ ನಾಸಿಕ್ ರೋಡಿನ ಫ್ಲ್ಯಾಟಿಗೆ ಬಂದ ಮೇಲೆ ಅಂಥವೇ ಚೀಟಿಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡ. ಒಂಬತ್ತು ವರ್ಷಗಳಲ್ಲಿ ಹುಳಿ ಹೆಚ್ಚಾದ ಸಾರಿಗೆ, ಸರಿಯಾಗಿ ಮಡಚದ ಹಾಸಿಗೆಗೆ, ಒಮ್ಮೆ ಲೂರ್ದವ್ವನ ತಂಗಿ ಯಮನವ್ವನ ಪತ್ರಕ್ಕೂ ಕೆಂಪು ಚೀಟಿ ಬಿದ್ದಿತ್ತು. ಹಸಿರು ಚೀಟಿಯ ಕಟ್ಟು ಇನ್ನೂ ಬಿಚ್ಚಿರಲಿಲ್ಲ.

ಆಗಮನ ಕಾಲ ಬಂತೆಂದರೆ ತಪಾಸಣೆ ಇಡೀ ಧರ್ಮಕೇಂದ್ರಕ್ಕೆ ಹಬ್ಬುತ್ತಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ, ಬಲಿಪೀಠದ ಬಳಿ ನಾಲ್ಕು ಮೇಣದಬತ್ತಿ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೆಯ ಭಾನುವಾರಕ್ಕೆ: ಅರ್ಧ ದಾರಿ ದಾಟಿದೆವು, ಇನ್ನು ಸ್ವಲ್ಪ ನಗಬಹುದು ಎಂಬ ಅರ್ಥದ್ದು. ಅಲ್ಲಿಯವರೆಗೆ ಯಾರೂ ನಗಕೂಡದೆಂದು ಇನ್ನಾಸಪ್ಪನ ಅಭಿಪ್ರಾಯ. ಡಿಸೆಂಬರ್ ಮೊದಲ ವಾರವೇ ನಕ್ಷತ್ರದ ದೀಪ ತೂಗುಹಾಕಿದವರ ಮನೆಗೆ ಹೋಗಿ ಗಂಟೆ ಒತ್ತಿ ಬರುತ್ತಿದ್ದ.

"ಇದು ಕಾಯೋ ಕಾಲ," ಎನ್ನುತ್ತಿದ್ದ. "ಬಾಲಯೇಸುನ ಗೋದಲಿ, ನಕ್ಷತ್ರ, ಆ ಸಾಂತಾನ ಕೆಂಪು ಟೊಪ್ಪಿಗಿ, ಎಲ್ಲಾ ಇಪ್ಪತ್ನಾಕನೇ ತಾರೀಕಿಗೆ. ಅದಕ್ಕಿಂತ ಮುಂಚೆ ಟೊಪ್ಪಿಗಿ ಈ ಮನಿ ಹೊಸ್ತಿಲ ದಾಟಬಾರದು."

ಟೊಪ್ಪಿಗೆ ಬುಧವಾರವೇ ಹೊಸ್ತಿಲು ದಾಟಿತ್ತು.

ತಂದುಕೊಟ್ಟವಳು ಗಗನಾ. ಬ್ಯಾಂಕಿನಲ್ಲಿ ಕೆಲಸ, ಚರ್ಚಿನಲ್ಲಿ ಗಾಯನ ತಂಡದ ಮುಖ್ಯಸ್ಥೆ. ಹದಿನಾರನೇ ತಾರೀಕಿನಿಂದ ಮನೆಮನೆಗೆ ಹೋಗಿ ಹಾಡುವ ತಂಡಕ್ಕೆ ಈ ವರ್ಷ ಸಾಂತಾ ಕ್ಲಾಸ್ ವೇಷ ಹಾಕುವವರು ಸಿಕ್ಕಿರಲಿಲ್ಲ. "ಲೂರ್ದಾ ಆಂಟಿ, ತುಮ್ಹೀಚ್ ವ್ಹಾ," ಎಂದು ಅವಳು ಗಂಟುಬಿದ್ದಳು. "ನೀವೇ ಆಗಿ. ಹೊಟ್ಟೆಗೆ ದಿಂಬು ಕಟ್ಟೋ ಕೆಲಸವೂ ಇಲ್ಲ."

ಅರವತ್ತಾರು ವರ್ಷದಲ್ಲಿ ಲೂರ್ದವ್ವನ ಹೊಟ್ಟೆಯ ಬಗ್ಗೆ ಯಾರೂ ಇಷ್ಟು ಗೌರವದಿಂದ ಮಾತಾಡಿರಲಿಲ್ಲ. ಒಪ್ಪಿಕೊಂಡಳು. ಬರೀ ಒಪ್ಪಿಕೊಂಡದ್ದಲ್ಲ, ಗಂಡ ಸ್ನಾನಕ್ಕೆ ಹೋದಾಗ ಕನ್ನಡಿಯ ಮುಂದೆ ನಿಂತು ಹೊಟ್ಟೆ ಕುಲುಕಿಸಿ ನಗುವುದನ್ನು ಎರಡು ದಿನ ಅಭ್ಯಾಸವನ್ನೂ ಮಾಡಿದಳು. ಈ ಒಂದು ಕೆಲಸ ಅವಳಿಗೆ ಬೇಕಿತ್ತು. ಅದರಲ್ಲಿ ಯಾರೂ ಚೀಟಿ ಅಂಟಿಸುವುದಿಲ್ಲ.

ಗಗನಾ ಬಲು ಅಚ್ಚುಕಟ್ಟು. ಟೊಪ್ಪಿಗೆಯ ಒಳಮಡಿಕೆಯಲ್ಲಿ ಅಳಿಸಲಾಗದ ಮಸಿಯಿಂದ "ಸಾಂತಾ: ಲೂರ್ದಾ ಆಂಟಿ, ೧೬ರಿಂದ" ಎಂದು ಬರೆದೇ ಕೊಟ್ಟಿದ್ದಳು. ಇಂಥ ದಾಖಲೆಯನ್ನು ಎಲ್ಲಿ ಬಚ್ಚಿಡುವುದು? ಆ ಮನೆಯಲ್ಲಿ ಇನ್ನಾಸಪ್ಪ ಕೈಹಾಕದ ಜಾಗ ಒಂದೇ: ಬಚ್ಚಲುಮನೆಯ ಬಾಗಿಲ ಹಿಂದೆ ನೇತಾಡುವ, ಚರ್ಚಿನ ಬಟ್ಟೆಗಳ ಚೀಲ. ಹನ್ನೊಂದು ವರ್ಷದಿಂದ ಆ ಬಟ್ಟೆ ಒಗೆಯುವುದು ಲೂರ್ದವ್ವನ ಸೇವೆ. ಫಾದರ್ ಸಾಳ್ವೆಯವರ ಎರಡು ಬಿಳಿ ನಿಲುವಂಗಿ, ಪೂಜೆಗೆ ನೆರವಾಗುವ ಮಕ್ಕಳವು ಎಂಟು, ಬಲಿಪೀಠಕ್ಕೆ ಹಾಸುವ ಬಟ್ಟೆ ಮೂರು, ಒಟ್ಟು ಹದಿಮೂರು. ಒಂದು ನಿಲುವಂಗಿಯ ತೋಳಿನೊಳಗೆ ಟೊಪ್ಪಿಗೆಯನ್ನು ತುರುಕಿ ಅವಳು ನಿಶ್ಚಿಂತಳಾದಳು.

ಶನಿವಾರ ಬೆಳಿಗ್ಗೆ ಹಾಲು ತಂದು ಒಳಗೆ ಬಂದರೆ ಹೊಸ ವಾಷಿಂಗ್ ಮಷೀನು ತಿರುಗುತ್ತಿತ್ತು. ಇನ್ನಾಸಪ್ಪ ಅದರ ಮುಂದೆ ಕುರ್ಚಿ ಹಾಕಿಕೊಂಡು ಬಳಕೆಯ ಕೈಪಿಡಿ ಓದುತ್ತಿದ್ದ.

"ನಾಳೆ ಪೂಜಾವಿಧಿ ಕಲಿಸೋ ದೊಡ್ಡ ಗುರುಗಳು ಬರಾಕತ್ತಾರ," ಎಂದ. "ಇವತ್ತಿನಿಂದ ಚರ್ಚಿನ ಬಟ್ಟಿ ನಾ ಒಗೀತೀನಿ. ಬಿಳಿ ಅಂದ್ರ ಏನಂತ ಇಡೀ ಧರ್ಮಕೇಂದ್ರ ನೋಡಬೇಕು."

"ನಿಮ್ಮ ಕರ್ಚೀಪು ಒಗದು ಗೊತ್ತೈತೇನ್ರಿ ನಿಮಗ?"

"ನೀ ಒಗದಿದ್ದು ಹತ್ರದಿಂದ ನೋಡೇನಿ. ಅದು ಬಿಳಿ ಅಲ್ಲ. ಹಾಲಿನ ಬಣ್ಣ."

"ಹಾಲು ಬಿಳಿ ಇರೂದಿಲ್ಲೇನು?"

"ಅದು ಹಾಲಿನ ಮ್ಯಾಲ ಐತಿ," ಎಂದು ಅವನು ಅವಳ ಕೈಯಲ್ಲಿದ್ದ ಪಾಕೀಟನ್ನು ಸಂಶಯದಿಂದ ನೋಡಿದ.

ಲೂರ್ದವ್ವ ಬಚ್ಚಲುಮನೆಯ ಬಾಗಿಲ ಹಿಂದೆ ಕಣ್ಣಾಡಿಸಿದಳು. ಚೀಲ ಬರಿದಾಗಿ ನೇತಾಡುತ್ತಿತ್ತು.

"ಎಲ್ಲಾ ಹಾಕಿದ್ರೇನು?"

"ಎಣಿಸಿ ಹಾಕೇನಿ. ಹದಿಮೂರು."

"ನಿಲ್ಲಿಸ್ರಿ ಅದನ್ನ."

"ಶುರು ಆದ ಮ್ಯಾಲ ಬಾಗಿಲು ತಗಿಯೂದಿಲ್ಲ. ಪುಟ ಒಂಬತ್ತು," ಎಂದು ಅವನು ಯಂತ್ರಕ್ಕೆ ಬೆನ್ನುಮಾಡಿ ಬೆಳಕಿನ ಕಡೆಗೆ ತಿರುಗಿ ಕೂತ.

ಹಾಗಾಗಿ ಗುಂಡು ಗಾಜಿನ ಬಾಗಿಲ ಹಿಂದೆ ನಡೆದ ಪವಾಡವನ್ನು ಕಂಡವಳು ಲೂರ್ದವ್ವ ಒಬ್ಬಳೇ. ಮೊದಲು ನೊರೆ ಬೆಳ್ಳಗಿತ್ತು. ಆಮೇಲೆ ನಾಚಿತು. ಆಮೇಲೆ ಕಲ್ಲಂಗಡಿಯಾಯಿತು. ರೈಲ್ವೆ ಸ್ಟೇಷನ್ನಿನ ಎದುರಿನ ಗಾಡಿಯಲ್ಲಿ ಕೊಂಡ ಟೊಪ್ಪಿಗೆಯ ಬಣ್ಣ ತನ್ನ ಒಡತಿಗಿಂತ ಬೇಗ ತಪ್ಪೊಪ್ಪಿಕೊಳ್ಳುತ್ತಿತ್ತು. ಐವತ್ತೊಂದು ನಿಮಿಷ ಅವಳು ಮೊರದಲ್ಲಿ ಅಕ್ಕಿ ಹಿಡಿದುಕೊಂಡು, ಒಂದು ಕಲ್ಲನ್ನೂ ಆರಿಸದೆ, ಅದನ್ನೇ ನೋಡುತ್ತ ನಿಂತಳು. ಯಂತ್ರ ಸದ್ದುಮಾಡಿ ನಿಂತಾಗ ಅಡಿಗೆಮನೆಗೆ ಓಡಿದಳು.

ಹೊರಗೆ ಒದ್ದೆ ಬಟ್ಟೆಗಳು ಒಂದೊಂದಾಗಿ ಬುಟ್ಟಿಗೆ ಬೀಳುವ ಸದ್ದು ಕೇಳಿಸಿತು.

"ಲೂರ್ದವ್ವಾ."

ಬಂದಳು. ಇನ್ನಾಸಪ್ಪ ಬುಟ್ಟಿಯ ಪಕ್ಕದಲ್ಲಿ ನಿಂತಿದ್ದ. ಬುಟ್ಟಿಯಲ್ಲಿ ಹದಿಮೂರು ಬಟ್ಟೆ, ಹದಿಮೂರು ಬಗೆಯ ಕೆಂಪು. ಕೆಲವು ದಾಳಿಂಬೆ, ಕೆಲವು ಒಸಡು. ಅವನ ಒಂದು ಕೈ ಪೈಜಾಮದ ಜೇಬಿನಲ್ಲಿತ್ತು, ವಿಚಾರಣೆಯ ಸಮಯದಲ್ಲಿ ಯಾವಾಗಲೂ ಇರುವ ಹಾಗೆ. ಜೇಬಿನ ಸುತ್ತ ಪೈಜಾಮ ಒದ್ದೆಯಾಗಿತ್ತು.

"ಸೋಪಿನ ಪುಡಿ," ಎಂದ. "ಪುಡಿಯೊಳಗ ಏನೋ ಐತಿ."

"ಇರಬಹುದ್ರಿ," ಎಂದಳು ಲೂರ್ದವ್ವ.

"ಇಲ್ಲಾ ನೀರು. ಇಲ್ಲಾ ಮ್ಯಾಲಿನ ಟಾಕಿಯೊಳಗ ಯಾರೋ ಏನೋ ತೊಳದಾರ."

ಅವನು ಪುಡಿಯ ಡಬ್ಬಿಗೆ ಕೆಂಪು ಚೀಟಿ ಅಂಟಿಸಿದ. ನಲ್ಲಿಗೆ ಅಂಟಿಸಿದ. ತಾರಸಿಗೆ ಹೋಗಿ ಟಾಕಿಗೆ ಅಂಟಿಸಿ ಬಂದ. ಅವನು ಅತ್ತ ಹೋದದ್ದೇ ತಡ ಲೂರ್ದವ್ವ ಯಂತ್ರದೊಳಗೆ ತಲೆಹಾಕಿ ಕೈಯಾಡಿಸಿದಳು. ಟೊಪ್ಪಿಗೆ ಇಲ್ಲ. ಬುಟ್ಟಿಯಲ್ಲಿ ಹದಿಮೂರು ಬಟ್ಟೆಯ ಇಪ್ಪತ್ತು ತೋಳುಗಳನ್ನೂ ತಡಕಿದಳು. ಇಲ್ಲ. ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದ್ದ ಆ ಹೆಂಗಸು, ಟೊಪ್ಪಿಗೆ ಪೂರ್ತಿ ಕರಗಿಹೋಗಿದೆ ಎಂಬ ತೀರ್ಮಾನಕ್ಕೆ ಬಂದು ಸಮಾಧಾನಪಟ್ಟಳು. ಹೆದರಿಕೆಯಾದಾಗ ಶಾಸ್ತ್ರ ಎಷ್ಟು ಹೊಂದಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಎದುರುಮನೆಯ ಸರೋಜಿನಿ ಸದ್ದು ಕೇಳಿ ಬಂದಳು. ಕುಂದಾಪುರದವಳು; ಗಂಡನದು ಮುಂದಿನ ಚೌಕದಲ್ಲಿ ಸಸ್ಯಾಹಾರಿ ಹೋಟೆಲು.

"ಎಂತ ಲೂರ್ದಮ್ಮ, ಫಾದರಿಗೆ ಮದುವೆಯಾ?"

"ಬಾಯಿ ಮುಚ್ಚು ಮಾರಾಯ್ತಿ. ಬಣ್ಣ ತಗಿಯೂದು ಹೆಂಗ ಹೇಳು."

"ಲಿಂಬೆಹಣ್ಣು ಹಾಕಿ. ನಮ್ಮ ಹೋಟೆಲಿನ ಹುಡುಗರ ಅಂಗಿಗೆ ಸಾಂಬಾರು ಬಿದ್ದರೆ ಅದೇ."

ಹೋಟೆಲಿನಿಂದ ನಲವತ್ತು ಲಿಂಬೆಹಣ್ಣು ಬಂದವು. ಮೂರು ಗಂಟೆ ಉಜ್ಜಿದರು. ಕೊನೆಗೆ ಬಟ್ಟೆಗಳು ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕೆಂಪಗೆ, ಎಲ್ಲೆಡೆ ಚಿತ್ರಾನ್ನದ ವಾಸನೆಯಾಗಿ ನಿಂತವು.

"ಇನ್ನೊಂದು ಚರ್ಚಿನಿಂದ ಎರವಲು ತರೂಣಲ್ರಿ?" ಎಂದಳು ಲೂರ್ದವ್ವ.

"ತಂದ್ರ ತಪ್ಪು ಮಾಡೀವಿ ಅಂತ ಬರದು ಕೊಟ್ಟಂಗ." ಇನ್ನಾಸಪ್ಪ ಸಾಲಾಗಿ ಹರಡಿದ ಬಟ್ಟೆಗಳನ್ನು ನೋಡುತ್ತ ನಿಂತ. ಕಣ್ಣಲ್ಲಿ ಹಳೆಯ ಕಾರ್ಖಾನೆಯ ಹೊಳಪು ಬಂತು. "ಬಿಳಿ ಆಗೂದಿಲ್ಲ, ಬಿಡು. ಆದ್ರ ಒಂದೊಂದು ಒಂದೊಂದು ಥರ ಇರಬಾರದು. ಬಣ್ಣ ತಪ್ಪಿದ್ರ ದೋಷ ಒಂದ. ಏಕರೂಪ ತಪ್ಪಿದ್ರ ದೋಷ ಹದಿಮೂರು. ನೀ ಹೋಗಿ ಸ್ವಲ್ಪ ಅಡ್ಡಾಗು."

ಅವಳು ಅಡ್ಡಾದಳು. ಎದ್ದು ಬಂದಾಗ ಎರಡನೆಯ ಸಲ ಒಗೆದು ಮುಗಿದಿತ್ತು. ಹದಿಮೂರೂ ಬಟ್ಟೆ ಒಂದೇ ಬಣ್ಣ, ಅಚ್ಚ ಗುಲಾಬಿ. ಒಂದು ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ಇಷ್ಟು ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಅವಳ ತಲೆಯಲ್ಲಿ ಹಾದುಹೋಯಿತು. ಕೇಳುವ ಧೈರ್ಯ ಬರಲಿಲ್ಲ.

ಮರುದಿನ ಆಗಮನ ಕಾಲದ ಎರಡನೆಯ ಭಾನುವಾರ. ದೊಡ್ಡ ಗುರುಗಳು ಬೆಳಗಿನ ರೈಲಿಗೆ ಒಂದು ಕೈಚೀಲ ಹಿಡಿದು ಬಂದಿಳಿದಿದ್ದರು. ನಿಲುವಂಗಿ ಚರ್ಚಿನದ್ದೇ ಆಗುತ್ತದೆಂದು ತಂದಿರಲಿಲ್ಲ. ಫಾದರ್ ಸಾಳ್ವೆ ಲೂರ್ದವ್ವನನ್ನು ಪೀಠದ ಹಿಂದಿನ ಕೋಣೆಗೆ ಕರೆದು, ಒಂದು ಗುಲಾಬಿ ತೋಳನ್ನು ಎತ್ತಿ ಹಿಡಿದು, "ಲೂರ್ದಾಬಾಯಿ, ಹೇ ಕಾಯ್? ಇದೇನು?" ಎಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಬಾರಿಸಿತು.

ಮೆರವಣಿಗೆ ಹೊರಟಿತು. ಎಂಟು ಗುಲಾಬಿ ಮಕ್ಕಳು, ಗುಲಾಬಿ ಫಾದರ್, ಎಲ್ಲರ ಹಿಂದೆ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಮುಗಿದ ಗುಲಾಬಿಯಲ್ಲಿ ದೊಡ್ಡ ಗುರುಗಳು; ಮೇಲಿನ ನೇರಳೆ ವಸ್ತ್ರಕ್ಕೆ ಅದು ಬದನೆಕಾಯಿಯ ಪಕ್ಕ ಮೂಲಂಗಿ ಇಟ್ಟಂತೆ ಕಾಣುತ್ತಿತ್ತು. ಎದುರಿಗೆ ಬಲಿಪೀಠವೂ ಗುಲಾಬಿ. ಜನ ಒಬ್ಬರನ್ನೊಬ್ಬರು ನೋಡಿದರು. ಗುಲಾಬಿಯೆಂದರೆ ಮೂರನೆಯ ಭಾನುವಾರ. ಹಾಗಾದರೆ ಒಂದು ಭಾನುವಾರ ತಮಗೆ ತಿಳಿಯದಂತೆ ಕಳೆದುಹೋಗಿದೆ!

ಮುಂದಿನದೆಲ್ಲ ತಾನಾಗಿ ಉರುಳಿತು. ಬತ್ತಿ ಹಚ್ಚಲು ಬಂದ ಹಿರಿಯರು ಬಣ್ಣ ನೋಡಿ ಗುಲಾಬಿ ಬತ್ತಿಗೇ ಕಡ್ಡಿ ಗೀರಿದರು. ಅದನ್ನು ಕಂಡು ಗಗನಾ ಪುಸ್ತಕದ ಹಾಳೆ ತಿರುವಿ ಮುಂದಿನ ವಾರದ ಸಂತೋಷದ ಹಾಡು ಎತ್ತಿದಳು. ಹಾಡು ಕೇಳಿ ವಾಚಕರು ಮುಂದಿನ ವಾರದ ವಾಚನ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಹೆಂಡತಿಗೆ, "ಕೇಕಿನ ಸಾಮಾನು ಇವತ್ತೇ ತರಬೇಕು," ಎಂದದ್ದು ಕೇಳಿಸಿತು. ಊರಿಗೆಲ್ಲ ಕಾಯುವುದನ್ನು ಕಲಿಸುತ್ತಿದ್ದ ಇನ್ನಾಸಪ್ಪನ ಚರ್ಚು ಹನ್ನೆರಡು ನಿಮಿಷದಲ್ಲಿ ಏಳು ದಿನ ಮುಂದೆ ಜಿಗಿದಿತ್ತು.

ದೊಡ್ಡ ಗುರುಗಳು ಪ್ರಸಂಗಕ್ಕೆ ಎದ್ದರು. ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಅಂದಿನ ವಿಷಯ: ತಾಳ್ಮೆಯಿಂದ ಕಾಯುವುದು. ಹಾಳೆಯನ್ನು ಮಡಚಿ ಜೇಬಿಗಿಟ್ಟು, ಗುಲಾಬಿ ತೋಳನ್ನು ಮೇಲೆತ್ತಿ, ಮೆಲ್ಲಗೆ ಮರಾಠಿಯಲ್ಲಿ ಕೇಳಿದರು.

"ಹೇ ಕೋಣಿ ಕೇಲಂ?"

ಇದನ್ನು ಮಾಡಿದವರು ಯಾರು? ಇನ್ನೂರು ತಲೆಗಳು ಲೂರ್ದವ್ವನ ಕಡೆ ತಿರುಗಿದವು. ಹನ್ನೊಂದು ವರ್ಷದಿಂದ ಬಟ್ಟೆ ಅವಳದೆಂದು ಎಲ್ಲರಿಗೂ ಗೊತ್ತು. ಅವಳ ಕೈ ಮುಂದಿನ ಬೆಂಚಿನ ಹಿಡಿ ಹಿಡಿಯಿತು. ಬಟ್ಟೆಯ ಸೇವೆ ಹೋಯಿತು, ಸಾಂತಾ ಆಗುವುದೂ ಹೋಯಿತು, ಮನೆಗೆ ಹೋದರೆ ಹಣೆಗೇ ಕೆಂಪು ಚೀಟಿ. ಆದರೂ ಏಳಬೇಕು. ಅರ್ಧ ಎದ್ದಳು.

ಪಕ್ಕದಲ್ಲಿ ಇನ್ನಾಸಪ್ಪ ಪೂರ್ತಿ ಎದ್ದಿದ್ದ.

"ಮಾಝೀ ಚೂಕ್," ಎಂದ.

ನನ್ನ ತಪ್ಪು. ಅಭ್ಯಾಸವಿಲ್ಲದ ಮಾತಾದ್ದರಿಂದ ಕನ್ನಡದಲ್ಲಿ ಬಾಯಿಗೆ ಬರಲಿಲ್ಲವೋ ಏನೋ. "ಬಟ್ಟೆ ಒಗೆದವನು ನಾನು. ತಪಾಸಣೆ ಮಾಡಿದವನೂ ನಾನು. ನನ್ನ ಹೆಂಡತಿ ಹನ್ನೊಂದು ವರ್ಷ ಒಗೆದಾಗ ಇವು ಬೆಳ್ಳಗಿದ್ದವು." ಮರಾಠಿಯಲ್ಲಿ ಇಷ್ಟು ಹೇಳಿ ಕೂತ. ಹಾಲಿನ ಬಣ್ಣದ ಮಾತು ಎತ್ತಲಿಲ್ಲ. ದೊಡ್ಡ ಗುರುಗಳು ಗುಲಾಬಿ ಬತ್ತಿಯನ್ನು ಆರಿಸಿ ನೇರಳೆಯನ್ನು ಹಚ್ಚಲು ಹೇಳಿ, ಹಾಳೆಯನ್ನು ಮತ್ತೆ ಬಿಚ್ಚಿದರು.

ಮನೆಗೆ ನಡೆಯುವಾಗ ಬಿಟ್ಕೊ ಚೌಕದವರೆಗೂ ಇನ್ನಾಸಪ್ಪ ಎರಡು ಹೆಜ್ಜೆ ಮುಂದೆಯೇ ಇದ್ದ. ಆಮೇಲೆ ಲೂರ್ದವ್ವ ತಡೆಯಲಾರದೆ ಕೇಳಿದಳು.

"ಯಾಕ್ರಿ, ಪೀಠದ ಮುಂದ ನಿಂತು ಸುಳ್ಳು ಹೇಳಿದ್ರಿ?"

"ಸುಳ್ಳು ಯಾಕ ಹೇಳಲಿ? ಮೊದಲನೇ ಸಲ ತೋಳಿನೊಳಗ ಕೈ ಹಾಕಿ ನೋಡ್ಲಿಲ್ಲ, ಅದು ತಪಾಸಣಿಯ ದೋಷ." ಅವನು ಚಪ್ಪಲಿಯ ಕಡೆ ನೋಡುತ್ತ ನಡೆಯುತ್ತಿದ್ದ. "ಎರಡನೇ ಸಲ ಬಣ್ಣ ಕಡಿಮಿ ಬೀಳ್ತಿತ್ತು. ಅದನ್ನ ನಾನ ಮತ್ತ ಒಳಗ ಹಾಕಿದೆ."

ಲೂರ್ದವ್ವ ರಸ್ತೆಯಲ್ಲೇ ನಿಂತಳು. ಅವನು ನಿಲ್ಲಲಿಲ್ಲ.

ಮನೆಗೆ ಬಂದು ಬಚ್ಚಲುಮನೆಯ ಬಾಗಿಲ ಹಿಂದೆ ನೋಡಿದಳು. ಚೀಲ ಸ್ವಲ್ಪ ಉಬ್ಬಿತ್ತು. ಒಳಗೆ ಟೊಪ್ಪಿಗೆ, ಇಸ್ತ್ರಿ ಮಾಡಿದ್ದು, ತುದಿಯ ಉಣ್ಣೆಯ ಚೆಂಡನ್ನು ಬಾಚಿದ್ದು. ಎರಡು ಒಗೆತದ ನಂತರ ಅದರಲ್ಲಿ ಕೆಂಪೆಂಬುದು ಉಳಿದಿರಲಿಲ್ಲ. ಗಗನಾಳ ಮಸಿಯ ಅಕ್ಷರ ಮಾತ್ರ ಮೊದಲಿನಂತೆಯೇ ಕಪ್ಪಗಿತ್ತು. ಮಡಿಕೆಗೆ ಗುಂಡುಪಿನ್ನಿನಿಂದ ಒಂದು ಹಸಿರು ಚೀಟಿ ಸಿಕ್ಕಿಸಿತ್ತು. ಅದರಲ್ಲಿ ಅವನ ಮುದ್ದಾದ ಅಕ್ಷರ: "ಪಾಸ್. ದಿನಾಂಕ ೨೪ಕ್ಕೆ ಮುಂಚೆ ಬಳಸಕೂಡದು."

೨೪ನ್ನು ಅಡಿಪಟ್ಟಿ ಇಟ್ಟು ಒಂದೇ ಗೆರೆಯಲ್ಲಿ ಹೊಡೆದುಹಾಕಿತ್ತು. ಮೇಲೆ ೧೬ ಎಂದು ಬರೆದು, ಪಕ್ಕದಲ್ಲಿ ತಿದ್ದುಪಡಿಗೆ ಸಹಿ ಮಾಡಿತ್ತು.